ಪರದೇಶದ ಮನೆಯಲ್ಲಿ ವಿಷಜೇಡ: ಹೊರಡುವ ಮುನ್ನ ಹಿರಿಯರು ತಿಳಿಯಬೇಕಾದ ಸಂಗತಿ

ಒಂದು ಕಾಲಕ್ಕೆ ಮಗಳನ್ನು ಹತ್ತು ಹರದಾರಿ ಆಚೆಯ ಊರಿಗೆ ಕೊಟ್ಟರೆ ಹೆತ್ತ ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಂದು ನಮ್ಮ ಸಮಾಜದ ಮನೆಮನೆಗಳಲ್ಲಿ ಡಲ್ಲಾಸ್, ಅಟ್ಲಾಂಟಾ, ಸ್ಯಾನ್ ಹೋಸೆ, ಸಿಡ್ನಿ ಎಂಬ ಹೆಸರುಗಳು ಹುಬ್ಬಳ್ಳಿ, ದಾವಣಗೆರೆ, ಕಲಬುರ್ಗಿಗಳಷ್ಟೇ ಸಲೀಸಾಗಿ ನಾಲಗೆಯ ಮೇಲೆ ಹೊರಳುತ್ತವೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಮುಖ ನೋಡಲೆಂದೋ ಅರವತ್ತು ಎಪ್ಪತ್ತು ದಾಟಿದ ದಂಪತಿಗಳು ಆರು ತಿಂಗಳ ಮಟ್ಟಿಗೆ ಸಾಗರ ದಾಟಿ ಹೋಗುತ್ತಾರೆ. ಹೋಗುವ ಮುನ್ನ ಕೆಲವರು ನಮ್ಮಲ್ಲಿಗೆ ಬಂದು ಕುಳಿತು ಮಾತನಾಡುವುದುಂಟು. ಶೇಂಗಾ ಚಟ್ನಿ ಒಯ್ಯಬಹುದೇ, ಔಷಧಿಯ ಚೀಟಿ ಬೇಕೇ ಎಂಬ ಪ್ರಶ್ನೆಗಳ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ಅಲ್ಲಿ ಮನೆಯ ಗ್ಯಾರೇಜಿನಲ್ಲಿ ವಿಷದ ಜೇಡ ಇರುತ್ತವಂತೆ, ಕಚ್ಚಿದರೆ ಮಾಂಸವೇ ಕೊಳೆತು ಹೋಗುತ್ತದಂತೆ, ಖರೆಯೇ?"

ಖರೆಯ ಅಂಶವೂ ಇದೆ, ಕಟ್ಟುಕಥೆಯೂ ಇದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ಈ ಲೇಖನದ ಉದ್ದೇಶ. ಏಕೆಂದರೆ ಜೇಡನ ವಿಷಯದಲ್ಲಿ ಅತಿಭಯ ಮಾಡುವ ಹಾನಿ ಅಲಕ್ಷ್ಯ ಮಾಡುವ ಹಾನಿಗಿಂತ ಕಡಿಮೆಯದಲ್ಲ. ಅದು ಹೇಗೆಂಬುದನ್ನು ಮುಂದೆ ಮಧುಮೇಹಿಗಳ ಹುಣ್ಣಿನ ಪ್ರಸ್ತಾಪ ಬಂದಾಗ ವಾಚಕರು ಕಾಣುವರು.

ಮೊದಲಿಗೆ ನಮ್ಮಲ್ಲಿನ ಮಾತು. ಕನ್ನಡದಲ್ಲಿ 'ಜೇಡ' ಎಂದರೆ ನೇಯ್ಗೆಯವನು ಎಂದೂ ಅರ್ಥ, ನೂಲು ತೆಗೆದು ಬಲೆ ಹೆಣೆಯುವ ಹುಳು ಎಂದೂ ಅರ್ಥ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದು ಮೊದಲನೆಯ ಅರ್ಥ. ಸಂಸ್ಕೃತದಲ್ಲಿ ಇದಕ್ಕೆ ಊರ್ಣನಾಭ, ಲೂತಾ ಎಂಬ ಹೆಸರುಗಳಿವೆ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಲಿಂಗವನ್ನು ಪೂಜಿಸಿ ಮುಕ್ತಿ ಪಡೆದ ಮೂರು ಜೀವಿಗಳಲ್ಲಿ ಮೊದಲನೆಯದು ಜೇಡ. 'ಶ್ರೀ' ಎಂದರೆ ಅಲ್ಲಿ ಜೇಡವೇ. ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ. ಪುರಾಣವು ಹೀಗೆ ಗೌರವಿಸಿದ ಪ್ರಾಣಿಯನ್ನು ನಮ್ಮ ವೈದ್ಯಶಾಸ್ತ್ರ ಮಾತ್ರ ಬಹಳ ಭಯದಿಂದ ಕಂಡಿತು. ಸುಶ್ರುತಸಂಹಿತೆಯ ಕಲ್ಪಸ್ಥಾನದ ಎಂಟನೆಯ ಅಧ್ಯಾಯವನ್ನು ನಾವು ಮಠದ ಪಾಠಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಗುರುಗಳ ಮುಂದೆ ಓದಿದ್ದೆವು. ವಿಶ್ವಾಮಿತ್ರನ ವರ್ತನೆಯಿಂದ ಕುಪಿತರಾದ ವಸಿಷ್ಠರ ಹಣೆಯ ಬೆವರ ಹನಿಗಳು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿದ್ದು ಅವುಗಳಿಂದ ಜೇಡಗಳು ಹುಟ್ಟಿದವೆಂದೂ, ಕೊಯ್ದ ಹುಲ್ಲಿಗೆ 'ಲೂನ' ಎನ್ನುವುದರಿಂದ ಅವಕ್ಕೆ 'ಲೂತಾ' ಎಂಬ ಹೆಸರು ಬಂದಿತೆಂದೂ ಅಲ್ಲಿ ಹೇಳಿದೆ. ಲೂತೆಗಳು ಹದಿನಾರು ಬಗೆ. ಎಂಟರ ವಿಷ ಕಷ್ಟಸಾಧ್ಯ, ಎಂಟರದು ಅಸಾಧ್ಯ. ಹಲ್ಲಿನಿಂದ ಮಾತ್ರವಲ್ಲ, ಲಾಲೆ, ಉಗುರು, ಮೂತ್ರ, ಮಲ ಮೊದಲಾದವುಗಳಿಂದಲೂ ಅವು ವಿಷ ಹರಡುತ್ತವೆ ಎಂಬುದು ಅಲ್ಲಿನ ಮತ.

ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಬೆಳಿಗ್ಗೆ ಎದ್ದಾಗ ಕುತ್ತಿಗೆಯ ಮೇಲೋ ತೋಳಿನ ಮೇಲೋ ಗೀರೆಳೆದಂತೆ ಕೆಂಪಾಗಿ ಗುಳ್ಳೆ ಎದ್ದಿದ್ದರೆ "ರಾತ್ರಿ ಜೇಡ ಹರಿದಾಡಿದೆ, ಉಚ್ಚೆ ಹೊಯ್ದಿದೆ" ಎಂದು ಇಂದಿಗೂ ನಮ್ಮ ಹಿರಿಯರು ಹೇಳುತ್ತಾರೆ. ಸುಶ್ರುತನ ಕಾಲದ ಮಾತು ಅಡಿಗೆಮನೆಯವರೆಗೆ ಹರಿದುಬಂದ ಬಗೆ ಇದು. ಆದರೆ ಇಂದಿನ ಚರ್ಮವೈದ್ಯರು ಇಂಥ ಗೀರುಗಳಲ್ಲಿ ಬಹುಪಾಲಿಗೆ ತೋರಿಸುವ ಕಾರಣವೇ ಬೇರೆ. ಮಳೆಗಾಲದಲ್ಲಿ ದೀಪದ ಬೆಳಕಿಗೆ ಬರುವ, ದೊಡ್ಡ ಇರುವೆಯಂತೆ ಕಾಣುವ, ಕಪ್ಪು ಮತ್ತು ಕಿತ್ತಳೆ ಬಣ್ಣದ ಒಂದು ಸಣ್ಣ ಕೀಟವುಂಟು. ವಿಜ್ಞಾನಿಗಳು ಅದನ್ನು ಪೀಡೆರಸ್ ಎನ್ನುತ್ತಾರೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕುಳಿತದ್ದನ್ನು ನಾವು ನಿದ್ದೆಗಣ್ಣಿನಲ್ಲಿ ಹೊಸಕಿದಾಗ ಅದರ ಒಡಲ ರಸ ಚರ್ಮವನ್ನು ಸುಡುತ್ತದೆ. ಊದಿ ಹಾರಿಸಿ ಸಾಬೂನಿನಿಂದ ತೊಳೆದುಕೊಂಡರೆ ತೀರಿತು. ಪಾಪ, ಜೇಡ ಈ ಅಪವಾದವನ್ನು ನೂರಾರು ವರ್ಷ ಹೊತ್ತಿದೆ.

ಜಗತ್ತಿನಲ್ಲಿ ವಿಜ್ಞಾನಿಗಳು ಹೆಸರಿಟ್ಟ ಜೇಡ ಜಾತಿಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಇವುಗಳಲ್ಲಿ ಕೆಲವನ್ನು ಬಿಟ್ಟರೆ ಎಲ್ಲಕ್ಕೂ ವಿಷವುಂಟು. ಅದು ನೊಣ, ಜಿರಲೆಗಳನ್ನು ಕೊಲ್ಲಲು ಇರುವ ವಿಷ. ಮನುಷ್ಯನಿಗೆ ನಿಜವಾದ ಅಪಾಯ ತರಬಲ್ಲವು ಬೆರಳೆಣಿಕೆಯ ಕುಲಗಳು ಮಾತ್ರ. ನಮ್ಮ ಮನೆಯ ಮೂಲೆಗಳಲ್ಲಿ ಕಡ್ಡಿಯಂಥ ಉದ್ದನೆಯ ಕಾಲು ಚಾಚಿ ತಲೆಕೆಳಗಾಗಿ ತೂಗುವ ಬಡ ಜೇಡವಿದೆಯಲ್ಲ, ಅದರ ಜಾತಿಯವು ಅಮೆರಿಕದ ಮನೆಗಳಲ್ಲೂ ಇವೆ. ಎಲ್ಲಕ್ಕಿಂತ ಘೋರ ವಿಷ ಅದರದೇ, ಹಲ್ಲು ಮೋಟಾದುದರಿಂದ ನಾವು ಬದುಕಿದ್ದೇವೆ ಎಂಬ ಮಾತು ಅಲ್ಲಿ ಬಹು ಪ್ರಚಲಿತ. ಅದು ಬರಿಯ ಕಟ್ಟುಮಾತು. ಆ ಬಡ ಜೇಡ ಅಪಾಯಕಾರಿ ಜೇಡಗಳನ್ನೇ ಹಿಡಿದು ತಿನ್ನುವುದೂ ಉಂಟು. ಅದನ್ನು ಇರಗೊಡುವುದೇ ಲೇಸು.

ಅಮೆರಿಕದ ಎರಡು ಜೇಡಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗೃಹಸ್ಥರು ಗುರುತಿಟ್ಟುಕೊಳ್ಳಬೇಕಾದವು ಎರಡೇ. ಮೊದಲನೆಯದನ್ನು ಅಲ್ಲಿ 'ಬ್ಲ್ಯಾಕ್ ವಿಡೋ' ಎಂದು ಕರೆಯುತ್ತಾರೆ. ಹೆಣ್ಣು ಗಂಡನ್ನು ತಿಂದು ವಿಧವೆಯಾಗುತ್ತದೆ ಎಂಬ ನಂಬಿಕೆಯಿಂದ ಬಂದ ಹೆಸರು; ವಾಸ್ತವದಲ್ಲಿ ಬಹಳಷ್ಟು ಸಲ ಗಂಡು ಜೀವಸಹಿತ ಪಾರಾಗುತ್ತದೆ. ಗಂಡನನ್ನು ಕಳೆದುಕೊಂಡ ತಾಯಂದಿರನ್ನು ಇಂಥ ಪದಗಳಿಂದ ನೋಯಿಸಿದ್ದು ಸಾಕಾಗಿದೆ. ಆ ಹೆಸರನ್ನು ಕನ್ನಡಿಸಲು ನಮಗೆ ಮನಸ್ಸಿಲ್ಲ. ಇಲ್ಲಿ ಅದನ್ನು ಕರಿಜೇಡ ಎಂದೇ ಕರೆಯುವೆವು.

ಅಪಾಯ ಹೆಣ್ಣು ಕರಿಜೇಡದಿಂದ. ಕಾಲುಗಳನ್ನು ಬಿಟ್ಟು ಮೈ ಸುಮಾರು ಅರ್ಧ ಅಂಗುಲ, ಎಣ್ಣೆ ಹಚ್ಚಿದ ಕರಿಮಣಿಯಂತೆ ಹೊಳಪು, ಹೊಟ್ಟೆಯ ಕೆಳಭಾಗದಲ್ಲಿ ಡಮರುವಿನ ಆಕಾರದ ಕೆಂಪು ಗುರುತು. ಬಲೆಯಲ್ಲಿ ತಲೆಕೆಳಗಾಗಿ ತೂಗುವುದರಿಂದ ಆ ಗುರುತು ನಮ್ಮ ಕಣ್ಣಿಗೆ ಬೀಳುತ್ತದೆ. ಇದರ ಬಲೆ ತೋಟದ ಜೇಡದ ಬಲೆಯಂತೆ ಚಕ್ರಾಕಾರವಾಗಿ ಸುಂದರವಾಗಿರುವುದಿಲ್ಲ. ನೆಲಕ್ಕೆ ಸಮೀಪದ ಮೂಲೆಯಲ್ಲಿ ಅಡ್ಡಾದಿಡ್ಡಿ ಎಳೆಗಳ ಗೋಜಲು. ಕಡ್ಡಿಯಿಂದ ಎಳೆದರೆ ಸಾಮಾನ್ಯ ಬಲೆಯಂತೆ ಸುಮ್ಮನೆ ಹರಿಯದೆ ಬಿಗಿಯಾಗಿ ನಿಂತು ಚಟಚಟನೆ ಹರಿಯುವುದು ಇದರ ಲಕ್ಷಣ. ಈ ಕುಲದ ಜಾತಿಗಳು ಪೂರ್ವ, ಪಶ್ಚಿಮ, ದಕ್ಷಿಣವೆನ್ನದೆ ಆ ದೇಶದ ಬಹುಭಾಗದಲ್ಲಿವೆ. ಕ್ಯಾಲಿಫೋರ್ನಿಯದಲ್ಲಂತೂ ಗ್ಯಾರೇಜಿನ ಹಳೆಯ ನಿವಾಸಿಗಳು. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಈ ಶತಮಾನದ ಆರಂಭದಿಂದ ಇದರ ದಾಯಾದಿಯಾದ ಕಂದುಬಣ್ಣದ ಇನ್ನೊಂದು ಜಾತಿ ಬಂದು ಸೇರಿ ಕರಿಜೇಡವನ್ನೇ ಹಿಂದಕ್ಕೆ ತಳ್ಳುತ್ತಿದೆ. ಅದರ ಮೊಟ್ಟೆಚೀಲದ ಮೈತುಂಬ ಮುಳ್ಳುಗಳಿರುತ್ತವೆ, ಕರಿಜೇಡದ್ದು ನುಣುಪು. ಹೊಸಬನ ಕಡಿತ ಅಷ್ಟು ತೀವ್ರವಲ್ಲ.

ಎರಡನೆಯದು 'ಬ್ರೌನ್ ರಿಕ್ಲೂಸ್'. ರಿಕ್ಲೂಸ್ ಎಂದರೆ ಏಕಾಂತವಾಸಿ, ವಿರಕ್ತ. ವಿರಕ್ತಮಠದ ಅನ್ನ ಉಂಡು ಬೆಳೆದ ನಮಗೆ ಈ ಹೆಸರು ಕೇಳಿ ನಗು ಬಂದದ್ದು ಸಹಜವೇ. ಆದರೆ ಹೆಸರು ಅನ್ವರ್ಥಕವಾಗಿದೆ: ಮನುಷ್ಯರ ಕಣ್ಣಿಗೆ ಬೀಳದೆ ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲಿ, ತೂಗುಹಾಕಿ ಮರೆತ ಬಟ್ಟೆಯಲ್ಲಿ, ಗೋಡೆಯ ಸಂದಿಯಲ್ಲಿ ಹಗಲು ಕಳೆದು ರಾತ್ರಿ ಹೊರಬರುವ ಜೀವ ಇದು. ತಿಂಗಳುಗಟ್ಟಲೆ ಆಹಾರವಿಲ್ಲದೆ ಬದುಕಬಲ್ಲದು. ತಿಳಿ ಕಂದುಬಣ್ಣ, ಬೆನ್ನ ಮುಂಭಾಗದಲ್ಲಿ ಪಿಟೀಲಿನ ಆಕಾರದ ಕಡುಕಂದು ಮಚ್ಚೆ, ಕಾಲುಗಳ ಮೇಲೆ ಪಟ್ಟೆಯಾಗಲಿ ಮುಳ್ಳಾಗಲಿ ಇಲ್ಲ. ನಿಜವಾದ ಗುರುತು ಕಣ್ಣುಗಳಲ್ಲಿ: ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು, ಇದಕ್ಕೆ ಆರು, ಅದೂ ಎರಡೆರಡರ ಮೂರು ಜೋಡಿಯಾಗಿ. ಬರಿಗಣ್ಣಿಗೆ ಕಾಣಿಸದು, ಭೂತಗನ್ನಡಿ ಬೇಕು. ಪಿಟೀಲಿನ ಮಚ್ಚೆಯೊಂದನ್ನೇ ನಂಬಿ ಜನ ಯಾವ ಯಾವುದೋ ಸಾಧು ಜೇಡವನ್ನು ಇದೆಂದು ಹೆದರುವುದುಂಟು.

ಇದರ ವಾಸಸ್ಥಾನವನ್ನು ತಿಳಿದಿರುವುದು ಅತ್ಯವಶ್ಯ. ಇದು ಅಮೆರಿಕದ ಮಧ್ಯ ಮತ್ತು ದಕ್ಷಿಣಮಧ್ಯ ಭಾಗಕ್ಕೆ ಸೇರಿದ್ದು: ಟೆಕ್ಸಾಸ್, ಒಕ್ಲಹೋಮ, ಕ್ಯಾನ್ಸಾಸ್, ಮಿಸೌರಿ, ಅರ್ಕನ್ಸಾಸ್, ಟೆನೆಸಿ ಮತ್ತು ಸುತ್ತಲಿನ ರಾಜ್ಯಗಳು, ಪೂರ್ವಕ್ಕೆ ಜಾರ್ಜಿಯದವರೆಗೆ, ಉತ್ತರಕ್ಕೆ ನೆಬ್ರಾಸ್ಕದ ಆಗ್ನೇಯ ಮೂಲೆಯವರೆಗೆ. ಕ್ಯಾಲಿಫೋರ್ನಿಯದಲ್ಲಿ ಇದು ನೆಲೆಸಿಲ್ಲ. ನ್ಯೂಜೆರ್ಸಿ, ವಾಷಿಂಗ್ಟನ್ ರಾಜ್ಯಗಳಲ್ಲೂ ಇಲ್ಲ. ಆದರೂ ಅಲ್ಲಿಯ ಜನ "ನನ್ನನ್ನು ರಿಕ್ಲೂಸ್ ಕಚ್ಚಿತು" ಎಂದು ಹೇಳುವುದು ನಿಂತಿಲ್ಲ. ವಾಯವ್ಯ ಭಾಗದಲ್ಲಿ 'ಹೋಬೋ' ಎಂಬ ಜೇಡದ ಮೇಲೂ ಹಿಂದೆ ಇಂಥದೇ ಆರೋಪ ಹೊರಿಸಲಾಗಿತ್ತು; ಮುಂದಿನ ಸಂಶೋಧನೆಗಳು ಅದನ್ನು ಎತ್ತಿಹಿಡಿಯಲಿಲ್ಲ.

ಕ್ಯಾನ್ಸಾಸ್ ರಾಜ್ಯದ ಲೆನೆಕ್ಸಾ ಎಂಬಲ್ಲಿನ ಒಂದು ಹಳೆಯ ಮನೆಯ ವೃತ್ತಾಂತ ಇಲ್ಲಿ ಮನನೀಯವಾಗಿದೆ. 2001ರಲ್ಲಿ ಆರು ತಿಂಗಳ ಅವಧಿಯಲ್ಲಿ ಆ ಒಂದೇ ಮನೆಯಲ್ಲಿ ಹಿಡಿದ ರಿಕ್ಲೂಸ್ ಜೇಡಗಳ ಸಂಖ್ಯೆ 2,055. ಗಂಡ, ಹೆಂಡತಿ, ಇಬ್ಬರು ಮಕ್ಕಳು ಆ ಮನೆಯಲ್ಲಿ ವರ್ಷಗಳಿಂದ ಬಾಳುತ್ತಿದ್ದರು. ಅಧ್ಯಯನ ಪ್ರಕಟವಾದ 2002ರವರೆಗೆ ಅವರಲ್ಲಿ ಒಬ್ಬರಿಗೂ ವಿಷವೇರಿರಲಿಲ್ಲ! ಎರಡು ಸಾವಿರ ಜೇಡಗಳೊಡನೆ ಒಂದೇ ಮಾಡಿನ ಕೆಳಗೆ ಇದ್ದ ಕುಟುಂಬ ಕ್ಷೇಮವಾಗಿತ್ತೆಂದರೆ, ಆ ಜೇಡವೇ ಇಲ್ಲದ ಊರಿನಲ್ಲಿ ವಾರಕ್ಕೊಬ್ಬರಿಗೆ ಅದು ಕಚ್ಚುವುದೆಂತು?

ಗ್ಯಾರೇಜೆಂಬ ಪಡಸಾಲೆ

ಅಮೆರಿಕದಲ್ಲಿ ಮನೆಗೆ ಹೊಂದಿಕೊಂಡೇ ಗ್ಯಾರೇಜು ಇರುತ್ತದೆ. ಹೆಸರಿಗೆ ಅದು ಕಾರಿನ ಮನೆ. ನಮ್ಮವರ ಮನೆಗಳಲ್ಲಿ ಅದು ಪಡಸಾಲೆ, ಅಟ್ಟ, ಉಗ್ರಾಣ, ಹಿತ್ತಲು ಎಲ್ಲವೂ ಹೌದು. ಇಪ್ಪತ್ತು ಪೌಂಡಿನ ಅಕ್ಕಿಚೀಲ, ಗೋಧಿಹಿಟ್ಟು, ದಸರೆಯ ಗೊಂಬೆಗಳ ಪೆಟ್ಟಿಗೆ, ಮಕ್ಕಳ ಹಳೆಯ ಸೈಕಲ್ಲು, ತೋಟದ ಗುದ್ದಲಿ, ಕಳೆದ ಸಲ ಬಂದ ಬೀಗರು ಬಿಟ್ಟುಹೋದ ಸೂಟ್‌ಕೇಸು, ಎಲ್ಲಕ್ಕೂ ಅಲ್ಲೇ ಆಶ್ರಯ. ಇನ್ನೂ ಒಂದು ಮುಖ್ಯ ಸಂಗತಿ: ಮುಂಬಾಗಿಲಿನಿಂದ ಬರುವವರು ಅತಿಥಿಗಳು, ಮನೆಮಂದಿಯೆಲ್ಲ ಗ್ಯಾರೇಜಿನಿಂದಲೇ ಒಳಗೆ ಬರುತ್ತಾರೆ, ಮತ್ತು ನಮ್ಮ ಸಂಪ್ರದಾಯದಂತೆ ಪಾದರಕ್ಷೆಗಳನ್ನು ಅಲ್ಲಿಯೇ ಬಿಡುತ್ತಾರೆ.

ಈ ಸದಾಚಾರವೇ ಜೇಡಕ್ಕೆ ಅನುಕೂಲ. ಕತ್ತಲೆ, ಶುಷ್ಕತೆ, ನಿಶ್ಚಲತೆ ಮೂರನ್ನೂ ಒದಗಿಸುವ ಬೂಟಿಗಿಂತ ಹೆಚ್ಚಿನ ಗುಹೆ ಅದಕ್ಕೆ ಬೇಕಿಲ್ಲ. ದಿನವೂ ಮೆಟ್ಟುವ ಚಪ್ಪಲಿಯಲ್ಲಿ ಭಯವಿಲ್ಲ. ಆದರೆ ಹಿರಿಯರು ಬಂದಾಗಲಷ್ಟೇ ಬಳಕೆಗೆ ಬರುವ ನಡಿಗೆಯ ಬೂಟು, ಚಳಿಗಾಲ ಕಳೆದ ಮೇಲೆ ಮೂಲೆಗೆ ಬಿದ್ದ ಹಿಮದ ಬೂಟು, ತೋಟದ ಕೈಗವಸು, ಗೂಟಕ್ಕೆ ತೂಗಿದ ಹಳೆಯ ಕೋಟು, ಇವುಗಳಲ್ಲಿ ಕೈಕಾಲು ತೂರಿಸುವ ಮುನ್ನ ಬೋರಲು ಹಾಕಿ ನೆಲಕ್ಕೆ ಎರಡು ಸಲ ಕುಟ್ಟಬೇಕು. ಕುಟ್ಟಿ, ಬಗ್ಗಿ ನೋಡಿ, ಆಮೇಲೆ ಮೆಟ್ಟಬೇಕು. ಚೇಳಿನ ಸೀಮೆಯಲ್ಲಿ ಹುಟ್ಟಿದ ನಮ್ಮ ವಿಜಯಪುರ, ರಾಯಚೂರು ಕಡೆಯ ಹಿರಿಯರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆ ದೇಶದ ನೆಲ ಕನ್ನಡಿಯಂತೆ ಹೊಳೆಯುವುದನ್ನು ಕಂಡು ಅವರು ಮರೆಯುತ್ತಾರೆ, ಅಷ್ಟೇ. ಬೂಟುಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಇಡುವುದು ಇನ್ನೂ ಒಳ್ಳೆಯದು.

ಗ್ಯಾರೇಜಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಸಾಧ್ಯವಾದಷ್ಟು ಕಡಿಮೆ ಮಾಡಿ, ಬಿಗಿಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಸಾಮಾನನ್ನು ಬದಲಿಸಲು ಮಗನಿಗೆ ಹೇಳಿರಿ. ರಟ್ಟಿನ ಪದರಗಳ ನಡುವಿನ ಸಂದು ರಿಕ್ಲೂಸಿಗೆ ಬಲು ಪ್ರಿಯ. ಅದು ಮನೆಯಿಂದ ಮನೆಗೆ ಸಾಗುವುದೂ ಸಾಮಾನು ಸಾಗಿಸುವ ಇಂಥ ಪೆಟ್ಟಿಗೆಗಳಲ್ಲಿಯೇ. ಸಾಮಾನನ್ನು ಗೋಡೆಗೆ ಆನಿಸಿ ರಾಶಿ ಹಾಕದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಟ್ಟರೆ ಕಸಬರಿಗೆ ಆಡಲು ಜಾಗವಾಗುತ್ತದೆ. ಕಟ್ಟಿಗೆಯ ರಾಶಿ, ಹಳೆಯ ಇಟ್ಟಿಗೆ, ಒಡೆದ ಕುಂಡಗಳು ಮನೆಯ ಗೋಡೆಗೆ ತಾಗಿರಬಾರದು. ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ ಹಾಕುವ ಉತ್ಸಾಹ ನಮ್ಮ ತಾಯಂದಿರಿಗೆ ಹೆಚ್ಚು, ಒಳ್ಳೆಯದೇ. ಆದರೆ ಕುಂಡದ ಅಂಚಿನ ಕೆಳಗೆ, ನೀರಿನ ಮೀಟರಿನ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಕುರ್ಚಿಯ ಅಡಿಯಲ್ಲಿ ಬರಿಗೈ ತೂರಿಸಬಾರದು. ಕರಿಜೇಡ ಇರುವುದು ಅಲ್ಲಿಯೇ. ಹಿಂದೆ ಆ ದೇಶದಲ್ಲಿ ಬಯಲ ಶೌಚಗೃಹಗಳಿದ್ದ ಕಾಲದಲ್ಲಿ ಅದರ ಕಡಿತಗಳು ಬಹಳಷ್ಟು ನಡೆಯುತ್ತಿದ್ದುದು ಆ ಪೀಠದ ಕೆಳಗೇ. ಶೌಚಗೃಹ ಮನೆಯೊಳಗೆ ಬಂದ ಮೇಲೆ ಕಡಿತಗಳೂ ಇಳಿದವು.

ಗ್ಯಾರೇಜಿನ ದೊಡ್ಡ ಬಾಗಿಲಿನ ಬುಡದಲ್ಲಿ ರಬ್ಬರು ಪಟ್ಟಿ ಹರಿದಿದ್ದರೆ ಹೊಸದನ್ನು ಹಾಕಿಸಬೇಕು. ಹೊರಗಿನ ಬಿಳಿಯ ದೀಪ ಹುಳುಗಳನ್ನು ಕರೆಯುತ್ತದೆ, ಹುಳುಗಳು ಜೇಡಗಳನ್ನು ಕರೆಯುತ್ತವೆ. ಹಳದಿ ದೀಪಕ್ಕೆ ಹುಳುಗಳು ಕಡಿಮೆ. ವಿಷದ ಸಿಂಪಡಣೆಯನ್ನು ಮಾತ್ರ ನಾವು ಮೊದಲ ಉಪಾಯವೆಂದು ಒಪ್ಪುವುದಿಲ್ಲ. ಜೇಡ ಕಾಲಿನ ತುದಿಗಳ ಮೇಲೆ ಮೈಯೆತ್ತಿ ನಡೆಯುವುದರಿಂದ ನೆಲಕ್ಕೆ ಸಿಂಪಡಿಸಿ ಒಣಗಿದ ಔಷಧಿ ಇರುವೆ, ಜಿರಲೆಗೆ ತಾಗುವಂತೆ ಅದಕ್ಕೆ ತಾಗದು. ತೆವಳುವ ಕೂಸು ಮಾತ್ರ ಅದೇ ನೆಲವನ್ನು ಮುಟ್ಟಿ ಬೆರಳನ್ನು ಬಾಯಿಗಿಡುತ್ತದೆ. ವ್ಯಾಕ್ಯೂಮ್ ಕ್ಲೀನರಿನಿಂದ ಜೇಡ, ಬಲೆ, ಮೊಟ್ಟೆಚೀಲ ಮೂರನ್ನೂ ಎಳೆದು, ಚೀಲವನ್ನು ಕಟ್ಟಿ ಹೊರಗಿನ ಕಸದ ಡಬ್ಬಕ್ಕೆ ಹಾಕುವುದು ಎಲ್ಲಕ್ಕಿಂತ ಸರಳ. ಮೊಟ್ಟೆಚೀಲ ಬಿಟ್ಟರೆ ಕೆಲಸ ಅರ್ಧವಾದಂತೆ; ಕರಿಜೇಡದ ಒಂದು ಚೀಲದಲ್ಲಿ ನೂರಾರು ಮೊಟ್ಟೆಗಳಿರುತ್ತವೆ. ರಿಕ್ಲೂಸ್ ಇರುವ ರಾಜ್ಯಗಳಲ್ಲಿ ಗೋಡೆಯಂಚಿಗೆ ಇಡುವ ಅಂಟುಪಟ್ಟಿಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅವು ಜೇಡವನ್ನು ಹಿಡಿಯುವುದಷ್ಟೇ ಅಲ್ಲ, ಮನೆಯಲ್ಲಿ ಅದು ಇದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯನ್ನೂ ಒದಗಿಸುತ್ತವೆ. ಅಂಥ ರಾಜ್ಯಗಳಲ್ಲಿ ಮಂಚವನ್ನು ಗೋಡೆಯಿಂದ ಸ್ವಲ್ಪ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ಮೇಲೆತ್ತಿ, ಮಂಚದ ಕೆಳಗೆ ಪೆಟ್ಟಿಗೆಗಳನ್ನು ತುಂಬದೆ ಇರಬೇಕು. ರಿಕ್ಲೂಸ್ ಬೆನ್ನಟ್ಟಿ ಬಂದು ಕಚ್ಚುವುದಿಲ್ಲ. ನಿದ್ದೆಯಲ್ಲಿ ಹೊರಳಿದಾಗಲೋ ಬಟ್ಟೆ ತೊಡುವಾಗಲೋ ಮೈಗೂ ಬಟ್ಟೆಗೂ ನಡುವೆ ಸಿಕ್ಕಿಬಿದ್ದು ಕಚ್ಚುತ್ತದೆ.

ಕೊಲ್ಲಬಹುದೇ ಎಂದು ಕೆಲ ತಾಯಂದಿರು ಕೇಳುತ್ತಾರೆ. ಸಾಧು ಜೇಡವನ್ನು ಲೋಟ ಕವುಚಿ, ಕೆಳಗೆ ಗಟ್ಟಿ ಕಾಗದ ತೂರಿಸಿ ಗಿಡದ ಬುಡಕ್ಕೆ ಬಿಟ್ಟುಬರಬಹುದು. ಮೊಮ್ಮಕ್ಕಳಿಗೂ ಅದೊಂದು ಪಾಠ. ಕೂಸು ಅಂಬೆಗಾಲಿಡುವ ಮನೆಯಲ್ಲಿ ಕರಿಜೇಡ ಕಂಡರೆ ಹಿಂದುಮುಂದು ನೋಡಬೇಕಾಗಿಲ್ಲ ಎಂಬುದು ನಮ್ಮ ಅಭಿಮತ. ರಾತ್ರಿ ಬ್ಯಾಟರಿ ಹಿಡಿದು ಹೋದರೆ ಅದು ಬಲೆಯ ನಡುವೆ ತೂಗುತ್ತಿರುತ್ತದೆ. ಉದ್ದನೆಯ ಕೋಲಿನಿಂದ ಕೆಲಸ ಮುಗಿಸಬಹುದು.

ಕಚ್ಚಿದರೆ ಏನಾಗುತ್ತದೆ

ಕರಿಜೇಡದ ವಿಷ ನರಗಳ ಮೇಲೆ ಎರಗುತ್ತದೆ. ಕಚ್ಚಿದ ಜಾಗದಲ್ಲಿ ಸೂಜಿ ಚುಚ್ಚಿದಷ್ಟು ನೋವು, ಕೆಲವೊಮ್ಮೆ ಅದೂ ಇಲ್ಲ. ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಸ್ನಾಯುಗಳು ಸೆಳೆಯತೊಡಗುತ್ತವೆ. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಬೆವರು, ವಾಕರಿಕೆ, ಎದೆಬಡಿತ, ರಕ್ತದೊತ್ತಡದ ಏರಿಕೆ ಕಾಣುತ್ತವೆ. ಹೊಟ್ಟೆಯ ಬಿಗಿತ ಕಂಡು ಅಪೆಂಡಿಕ್ಸ್ ಬಾವು ಎಂದು ಸಂಶಯಿಸುವಷ್ಟು ತೀವ್ರವಾಗುವುದೂ ಉಂಟು. ಬಹುತೇಕರು ಒಂದೆರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಸಾವು ಅತಿ ವಿರಳ. ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ ಅಮೆರಿಕದಲ್ಲಿ 1936ರಿಂದಲೇ ಇದೆಯಾದರೂ ಅಲರ್ಜಿಯ ಭಯದಿಂದ ವೈದ್ಯರು ಅದನ್ನು ತೀವ್ರ ಪ್ರಸಂಗಗಳಿಗೆ ಮೀಸಲಿಡುತ್ತಾರೆ; ಉಳಿದವರಿಗೆ ನೋವು ಮತ್ತು ಸೆಳೆತ ತಗ್ಗಿಸುವ ಔಷಧಿಯೇ ಚಿಕಿತ್ಸೆ. ಆದರೆ ಕೂಸುಗಳು, ಗರ್ಭಿಣಿಯರು, ರಕ್ತದೊತ್ತಡ ಅಥವಾ ಹೃದಯದ ಬೇನೆಯಿರುವ ಹಿರಿಯರು ಕಾದು ನೋಡಬಾರದು. ನೇರ ಆಸ್ಪತ್ರೆಗೆ ಹೋಗಬೇಕು.

ರಿಕ್ಲೂಸಿನದು ಬೇರೆ ಬಗೆ. ಕಚ್ಚಿದ್ದೇ ಗೊತ್ತಾಗದಿರಬಹುದು, ಕೆಲವು ಗಂಟೆಗಳ ಮೇಲೆ ನೋವು ಏರುತ್ತದೆ, ಚರ್ಮ ಕೆಂಪಾಗಿ ನಡುವೆ ಬಿಳಿಚಿ ನೀಲಿಗಟ್ಟುತ್ತದೆ. ಹೆಚ್ಚಿನವು ಶುಚಿಯಾಗಿಟ್ಟರೆ ತಾವಾಗಿ ಮಾಯುತ್ತವೆ. ಕೆಲವರಲ್ಲಿ ಆ ಜಾಗದ ಚರ್ಮ ಸತ್ತು ಹುಣ್ಣಾಗಿ ವಾರಗಟ್ಟಲೆ ಕಾಡುತ್ತದೆ. ಅಪರೂಪಕ್ಕೆ, ಮುಖ್ಯವಾಗಿ ಮಕ್ಕಳಲ್ಲಿ, ವಿಷ ರಕ್ತದ ಕಣಗಳನ್ನೇ ಒಡೆಯುತ್ತದೆ: ಜ್ವರ, ಕಪ್ಪು ಚಹಾದಂಥ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಒಂದು ಗಳಿಗೆಯೂ ತಡೆಯಬಾರದು. ಇದಕ್ಕೆ ಆ ದೇಶದಲ್ಲಿ ಬಳಕೆಯ ಪ್ರತಿವಿಷವಿಲ್ಲ.

ಈಗ ನಾವು ಮೊದಲಿಗೆ ಸೂಚಿಸಿದ ವಿಷಯ. ಕಾಲಿನ ಮೇಲೆ ನಡುವೆ ಕಪ್ಪಾದ ಹುಣ್ಣೊಂದು ಎದ್ದಾಗ "ಗ್ಯಾರೇಜಿನಲ್ಲಿ ಜೇಡ ಕಚ್ಚಿರಬೇಕು" ಎಂದು ಸುಮ್ಮನಾಗುವುದು ಬಹಳ ಅಪಾಯಕರ. ಜೇಡವನ್ನು ಕಣ್ಣಾರೆ ಕಾಣದೆ ಜೇಡದ ಕಡಿತವೆಂದು ಬಂದ ಹುಣ್ಣುಗಳಲ್ಲಿ ಬಹಳಷ್ಟು ಬೇರೆಯೇ ರೋಗಗಳೆಂದು ಅಲ್ಲಿಯ ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಸಾಮಾನ್ಯ ಔಷಧಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ಕ್ರಿಮಿಯ ಸೋಂಕು, ಮಧುಮೇಹದ ಹುಣ್ಣು, ಸರ್ಪಸುತ್ತು, ರಕ್ತಸಂಚಾರ ಕೆಟ್ಟು ಆಗುವ ಗಾಯ, ಒಮ್ಮೊಮ್ಮೆ ಚರ್ಮದ ಅರ್ಬುದ, ಇವೆಲ್ಲ ಜೇಡದ ಹೆಸರಿನಲ್ಲಿ ಮರೆಯಾಗುತ್ತವೆ. ನಮ್ಮ ಹಿರಿಯರಲ್ಲಿ ಸಕ್ಕರೆ ಬೇನೆ ಇಲ್ಲದ ಮನೆ ಅಪರೂಪ. ಹೊಸ ಬೂಟು ಕಚ್ಚಿದ ಗಾಯವೂ ಸ್ಪರ್ಶ ಮಂಕಾದ ಪಾದದಲ್ಲಿ ತಿಳಿಯದೆ ಬೆಳೆಯುತ್ತದೆ. ಜೇಡವೆಂದು ಅರಿಸಿನ ಹಚ್ಚಿ ಹದಿನೈದು ದಿನ ಕಳೆದರೆ ಬೆರಳು ಉಳಿಸುವ ಪ್ರಶ್ನೆ ಎದುರಾಗಬಹುದು. ನಿರಪರಾಧಿಯಾದ ಜೇಡ ಇಲ್ಲಿ ಕಚ್ಚದೆಯೇ ಕೊಲ್ಲುತ್ತದೆ.

ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವೂ ನಮಗೆ ಗೊತ್ತು. "ಅಲ್ಲಿ ದವಾಖಾನೆಗೆ ಕಾಲಿಟ್ಟರೆ ಸಾವಿರ ಡಾಲರ್, ಮಗನಿಗೇಕೆ ಭಾರ" ಎಂದು ತಂದೆತಾಯಿಗಳು ನೋವನ್ನು ನುಂಗುತ್ತಾರೆ. ಪ್ರವಾಸದ ವಿಮೆ ಮಾಡಿಸದೆ ಯಾರೂ ವಿಮಾನ ಹತ್ತಬಾರದು. ಹಳೆಯ ಬೇನೆಗಳಿಗೆ ಅದು ಎಷ್ಟು ಅನ್ವಯಿಸುತ್ತದೆಂದು ಓದಿಸಿಕೊಂಡೇ ರುಜು ಹಾಕಬೇಕು. ಅಲ್ಲದೆ ಅಮೆರಿಕದಲ್ಲಿ ವಿಷದ ಸಂಗತಿಗಳಿಗೆಂದೇ ಹಗಲುರಾತ್ರಿ ಉಚಿತವಾಗಿ ಸಲಹೆ ನೀಡುವ 'ಪಾಯ್ಸನ್ ಕಂಟ್ರೋಲ್' ಕೇಂದ್ರಗಳಿವೆ. ದೂರವಾಣಿ 1-800-222-1222. ಕಚ್ಚಿದ್ದು ಮನೆಯಲ್ಲೇ ವಾಸಿಯಾಗುವಂಥದೋ ಆಸ್ಪತ್ರೆಗೆ ಹೋಗಬೇಕಾದುದೋ ಎಂದು ಅವರೇ ಹೇಳುತ್ತಾರೆ. ಭಾಷಾಂತರಕಾರರ ನೆರವೂ ಉಂಟು. ಉಸಿರಾಟಕ್ಕೆ ತೊಂದರೆ, ಎದೆನೋವು, ಪ್ರಜ್ಞೆ ತಪ್ಪುವುದು ಇದ್ದರೆ ನೇರ 911. ಈ ಎರಡು ಸಂಖ್ಯೆಗಳನ್ನು ಶೀತಕಪೆಟ್ಟಿಗೆಯ ಬಾಗಿಲಿಗೆ ಕನ್ನಡದಲ್ಲಿ ಬರೆದು ಅಂಟಿಸಿರಿ, ಜೊತೆಗೆ ಆ ಮನೆಯ ವಿಳಾಸವನ್ನೂ. ಮಗ, ಸೊಸೆ ಕೆಲಸಕ್ಕೆ ಹೋದ ಹಗಲುಹೊತ್ತಿನಲ್ಲಿ ಮನೆಯಲ್ಲಿರುವವರು ಅಜ್ಜ, ಅಜ್ಜಿ ಮತ್ತು ಕೂಸು ಮಾತ್ರ ಎಂಬುದನ್ನು ಯಾರೂ ಮರೆಯಬಾರದು.

ತತ್‌ಕ್ಷಣದ ಉಪಚಾರ ಸರಳ. ಸಾಬೂನು ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹತ್ತು ನಿಮಿಷ ಇಡಬೇಕು. ಕೈಗೆ ಕಚ್ಚಿದ್ದರೆ ಉಂಗುರ, ಬಳೆಗಳನ್ನು ತೆಗೆಯಬೇಕು. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ದಾರ ಕಟ್ಟುವುದು, ಸುಣ್ಣ ಹಚ್ಚುವುದು ಯಾವುದೂ ಕೂಡದು. 2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡಗಳ ಹಾವಳಿಯೆಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಕಚ್ಚಿಸಿಕೊಂಡವರು ಮೊದಲು ಮಂತ್ರವಾದಿಗಳ ಬಳಿಗೆ ಹೋಗಿ ಗಾಯವನ್ನು ಬ್ಲೇಡಿನಿಂದ ಕೊಯ್ಸಿಕೊಂಡಿದ್ದರು. ಅಲ್ಲಿ ಸಂಭವಿಸಿದ ಸಾವುಗಳಿಗೆ ಜೇಡದ ವಿಷವೇ ಕಾರಣವೆಂಬುದು ಸಿದ್ಧವಾಗಲೇ ಇಲ್ಲ. ಸಿಕ್ಕರೆ ಜೇಡವನ್ನು, ಜಜ್ಜಿಹೋಗಿದ್ದರೂ ಸರಿಯೆ, ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ಒಯ್ಯಬೇಕು. ಗುರುತು ಹಿಡಿಯಲು ಅದಕ್ಕಿಂತ ಮೇಲಾದ ಸಾಕ್ಷಿಯಿಲ್ಲ.

ಮಕ್ಕಳು ಆಸ್ಟ್ರೇಲಿಯದಲ್ಲಿರುವವರಿಗೆ ಎರಡು ಮಾತು. ಅಲ್ಲಿಯ 'ರೆಡ್‌ಬ್ಯಾಕ್' ಕರಿಜೇಡದ ದಾಯಾದಿ, ಬೆನ್ನ ಮೇಲೆ ಕೆಂಪುಪಟ್ಟೆ. ಪ್ರತಿವಿಷ 1956ರಿಂದ ಇದೆ. ಅದರ ಕಡಿತಕ್ಕೆ ಮಂಜುಗಡ್ಡೆ ಸಾಕು, ಪಟ್ಟಿ ಕಟ್ಟಬಾರದು. ಸಿಡ್ನಿಯ ಸುತ್ತಮುತ್ತಲಿನ 'ಫನಲ್‌ವೆಬ್' ಮಾತ್ರ ನಿಜಕ್ಕೂ ಭಯಂಕರ. ನೆಲದ ಮೇಲೆ ಬಿದ್ದ ಬಟ್ಟೆ, ಬೂಟುಗಳಲ್ಲಿ ಸೇರುತ್ತದೆ, ಈಜುಕೊಳದಲ್ಲಿ ಮುಳುಗಿ ಸತ್ತಂತೆ ಕಂಡದ್ದು ಜೀವಂತವಿರಬಹುದು. ಅದು ಕಚ್ಚಿದರೆ ಅಗಲವಾದ ಬಟ್ಟೆಯ ಪಟ್ಟಿಯಿಂದ ಇಡೀ ಕೈಯನ್ನೋ ಕಾಲನ್ನೋ ಬಿಗಿಯಾಗಿ ಸುತ್ತಿ, ದಬ್ಬೆ ಕಟ್ಟಿ, ಅಲುಗಾಡಿಸದೆ 000 ಸಂಖ್ಯೆಗೆ ಕರೆ ಮಾಡಬೇಕು. 1981ರಲ್ಲಿ ಅದರ ಪ್ರತಿವಿಷ ಬಂದ ಮೇಲೆ ಅದರಿಂದ ಸಾವು ಸಂಭವಿಸಿದ್ದು ದೃಢಪಟ್ಟಿಲ್ಲ.

ನಮ್ಮ ನಾಡಿನಲ್ಲಿ ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ ಅಂಗೈಯಗಲದ ರೋಮಶ ಜೇಡಗಳಿವೆ. ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಕಾಡಬಹುದು, ಪ್ರಾಣಭಯವಿಲ್ಲ. ನಮ್ಮಲ್ಲಿ ಹಾವಿನ ಕಡಿತಕ್ಕೆ ಕೊಡುವ ಪ್ರತಿವಿಷ ನಾಲ್ಕು ಬಗೆಯ ಹಾವುಗಳಿಗೆ ಮಾತ್ರ. ಜೇಡ ಕಚ್ಚಿದವರಿಗೆ ಅದನ್ನು ಹಾಕಿಸಿರೆಂದು ವೈದ್ಯರನ್ನು ಒತ್ತಾಯಿಸಬಾರದು.

ಕೊನೆಯದಾಗಿ ಮರಳಿ ಬರುವವರಿಗೆ. ಆರು ತಿಂಗಳು ಗ್ಯಾರೇಜಿನಲ್ಲಿ ಬಿದ್ದಿದ್ದ ಸೂಟ್‌ಕೇಸನ್ನು ಹೊರಡುವ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಒಳಗೆ ತಂದು ಮಂಚದ ಮೇಲೆ ತೆರೆಯಬೇಡಿರಿ. ಒಂದು ವಾರ ಮೊದಲೇ ಅಂಗಳದ ಬಿಸಿಲಿಗೆ ತಂದು, ಎಲ್ಲ ಚೀಲಗಳ ಜಿಪ್ಪನ್ನೂ ಕೈಗವಸು ತೊಟ್ಟು ಬಿಚ್ಚಿ, ಬೋರಲು ಹಾಕಿ ಕೊಡವಿ, ಒಳಗಿನ ಹೊಲಿಗೆಯ ಮಡಿಕೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು, ಮತ್ತೆ ಜಿಪ್ಪು ಹಾಕಿಯೇ ಮನೆಯೊಳಗೆ ತನ್ನಿರಿ.